ಸಂಘಗಳು ಒಂದಾಗುವ ಮುನ್ನ: ತಮ್ಮನ ಮಗನಿಗೆ ಒಂದು ಪತ್ರ

ಭದ್ರಾವತಿ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಮಾಚೇನಹಳ್ಳಿಯ ನಿಮ್ಮ ಫೌಂಡ್ರಿಯಲ್ಲಿರುವ ಎರಡು ಕಾರ್ಮಿಕ ಸಂಘಗಳು ಒಂದಾಗಲು ಹೊರಟಿವೆ, ನಿಮ್ಮದು ಅವುಗಳಲ್ಲಿ ಚಿಕ್ಕದು, ಒಪ್ಪಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಘಗಳು ಒಂದಾಗಲಿ, ಆದರೆ ಚಿಕ್ಕ ಸಂಘದವರ ಮಾತು ಹೇಗೆ ನಡೆಯುತ್ತದೆ ಎಂಬುದು ಹೊಸ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಬರಹಕ್ಕೆ ಬಂದ ಮೇಲೆಯೇ ಒಂದಾಗಲಿ.

ನಮ್ಮ ಊರಿನವರಿಗೆ ವಿಲೀನ ಎಂದೊಡನೆ ನೆನಪಾಗುವುದು 1998. ಆ ವರ್ಷ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅದು ಕಂಪನಿಗಳ ವಿಲೀನ, ಅಂಥದ್ದಕ್ಕೆ ಕಾರ್ಮಿಕರ ಮತ ಪಡೆಯುವ ಕ್ರಮವಿಲ್ಲ. ಸಂಘಗಳ ವಿಲೀನದಲ್ಲಿ ತೀರ್ಮಾನ ಸದಸ್ಯನದೇ. ಹಾಗೆಯೇ, ನಿನ್ನ ಪಿಎಫ್, ಇಎಸ್‌ಐ, ಗ್ರಾಚ್ಯುಟಿಗಳಿಗೆ ಇದರಿಂದ ಏನಾದರೂ ಆದೀತೆಂಬ ನಿನ್ನ ತಾಯಿಯ ಆತಂಕವನ್ನು ಇಂದೇ ದೂರಮಾಡು. ಅವು ಕಾನೂನಿನಿಂದ ಬಂದ ಹಕ್ಕುಗಳು, ಯಾವ ಸಂಘದ ಚೀಟಿ ನಿನ್ನ ಜೇಬಿನಲ್ಲಿದೆ ಎಂಬುದನ್ನು ಅವು ನೋಡುವುದಿಲ್ಲ.

ನೋಡಬೇಕಾದದ್ದು ವೇತನ ಒಪ್ಪಂದಗಳನ್ನು. ಸರ್ಕಾರದ ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಆಗುವ ಒಪ್ಪಂದ, ಅಂದರೆ ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಮಿನ ಹೆಸರಿನಿಂದ ನಾವೆಲ್ಲ 12(3) ಎಂದು ಕರೆಯುತ್ತಿದ್ದದ್ದು, ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ. ಆದರೆ ಸಂಧಾನವಿಲ್ಲದೆ ಆಡಳಿತ ವರ್ಗವೂ ಸಂಘವೂ ನೇರವಾಗಿ ಮಾಡಿಕೊಂಡ ಒಪ್ಪಂದಕ್ಕೆ ಬದ್ಧರಾಗುವವರು ಆ ಇಬ್ಬರು ಮಾತ್ರ. ನಿಮ್ಮ ಸಂಘ ಅಂಥ ನೇರ ಒಪ್ಪಂದ ಮಾಡಿಕೊಂಡಿದ್ದರೆ, ಅದರ ಹಕ್ಕುಬಾಧ್ಯತೆಗಳನ್ನೆಲ್ಲ ಹೊಸ ಸಂಘ ವಹಿಸಿಕೊಳ್ಳುತ್ತದೆ ಎಂಬ ವಾಕ್ಯ ವಿಲೀನದ ಠರಾವಿನಲ್ಲಿ ಇರಲೇಬೇಕು.

ಈಗ ಒಂದಾಗುವ ಆತುರ ಎಲ್ಲೆಡೆ ಏಕೆ ಕಾಣುತ್ತಿದೆ ಎಂಬುದನ್ನೂ ತಿಳಿದುಕೋ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಅದರ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಹಾಜರಿ ಪಟ್ಟಿಯ ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವೇ ಆಡಳಿತ ವರ್ಗದೊಡನೆ ಮಾತುಕತೆಗೆ ಕೂರುವ ಏಕೈಕ ಸಂಘ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ ಮಾತುಕತೆಗೆಂದು ಸಂಘಗಳ ಪ್ರತಿನಿಧಿಗಳ ಒಂದು ಮಂಡಳಿ ರಚನೆಯಾಗುತ್ತದೆ, ಶೇಕಡಾ 20ಕ್ಕಿಂತ ಕಡಿಮೆ ಬೆಂಬಲವಿರುವ ಸಂಘಕ್ಕೆ ಅದರಲ್ಲಿ ಸ್ಥಾನವಿಲ್ಲ. ಕಾರ್ಖಾನೆಯಲ್ಲಿ 500 ಜನರಿದ್ದು ದೊಡ್ಡ ಸಂಘದಲ್ಲಿ 230, ನಿಮ್ಮಲ್ಲಿ 60 ಜನರಿದ್ದಾರೆ ಎಂದುಕೊಳ್ಳೋಣ. ಏಕೈಕ ಸಂಘವಾಗಲು ಬೇಕಾದ 255 ಅವರ ಬಳಿ ಇಲ್ಲ, ಮಂಡಳಿಗೆ ಸೇರಲು ಬೇಕಾದ 100 ನಿಮ್ಮ ಬಳಿ ಇಲ್ಲ. ಸೇರಿದರೆ 290 ಆಗುತ್ತದೆ. ನಿಮಗೆ ಅವರ ಅಗತ್ಯ ಎಷ್ಟಿದೆಯೋ ಅವರಿಗೂ ನಿಮ್ಮ ಅಗತ್ಯ ಅಷ್ಟೇ ಇದೆ. ಆದರೆ ನಿಮ್ಮ ಅರವತ್ತು ಜನರಿಗೆ ಈಗಿರುವ ಬೆಲೆ ವಿಲೀನಕ್ಕೆ ಒಪ್ಪಿಗೆ ಕೊಟ್ಟ ಮರುದಿನ ಇರುವುದಿಲ್ಲ. ಆದ್ದರಿಂದ ಕೇಳಬೇಕಾದದ್ದನ್ನೆಲ್ಲ ಈಗಲೇ ಕೇಳಿ.

ಏನು ಕೇಳಬೇಕು? ನಿಮ್ಮ ಸಂಘದಲ್ಲಿ ಹೆಚ್ಚಿನವರು ಫೆಟ್ಲಿಂಗ್, ಅಂದರೆ ಎರಕದ ತುಂಡುಗಳನ್ನು ಉಜ್ಜಿ ಶುಚಿಮಾಡುವ ವಿಭಾಗದವರು. ಅಲ್ಲಿನ ಮರಳಿನ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಅದರಿಂದ ಬರುವ ಸಿಲಿಕೋಸಿಸ್ 1948ರ ಕಾರ್ಖಾನೆಗಳ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲೇ ಸೇರಿತ್ತು. ದೊಡ್ಡ ಸಂಘದ ಬೇಡಿಕೆ ಪಟ್ಟಿಯಲ್ಲಿ ಬೋನಸ್, ಬಡ್ತಿಗಳು ಮೇಲಿದ್ದು, ಧೂಳು ಹೀರುವ ಯಂತ್ರವೂ ಎದೆಯ ಎಕ್ಸ್‌ರೇಯೂ ಕೊನೆಗೆ ಹೋಗುತ್ತವೆ, ಮಾತುಕತೆಯಲ್ಲಿ ಮೊದಲು ಬಿಟ್ಟುಕೊಡುವುದು ಕೊನೆಯಲ್ಲಿರುವುದನ್ನೇ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ, ಸಂಖ್ಯೆಯ ಬಲ ನಡೆಯುವ ರೀತಿಯೇ ಹಾಗೆ. ಕಾರ್ಯಕಾರಿ ಸಮಿತಿಯಲ್ಲಿ ನಿಮ್ಮ ವಿಭಾಗಕ್ಕೆ ಖಾಯಂ ಸ್ಥಾನ ಬೇಕು, ಆರೋಗ್ಯ ಮತ್ತು ಸುರಕ್ಷತೆಯ ಬೇಡಿಕೆಯನ್ನು ಆ ವಿಭಾಗದವರ ಒಪ್ಪಿಗೆಯಿಲ್ಲದೆ ಕೈಬಿಡಬಾರದು ಎಂಬ ನಿಯಮವೂ ಬೇಕು.

ಇಂಥ ಷರತ್ತು ಹಾಕಿದರೆ ಒಗ್ಗಟ್ಟು ಒಡೆಯುತ್ತದೆ ಎಂದು ಗೇಟ್ ಮೀಟಿಂಗಿನಲ್ಲಿ ಯಾರಾದರೂ ಗದರಿಸಿದರೆ ಅಂಜಬೇಡ. 1920ರಲ್ಲಿ ಹುಟ್ಟಿದ ಅಖಿಲ ಭಾರತ ಕಾರ್ಮಿಕ ಸಂಘಟನೆ ಎಐಟಿಯುಸಿ 1929ರ ನಾಗಪುರ ಅಧಿವೇಶನದಲ್ಲಿ ಒಡೆಯಿತು. ಹೊರಗೆ ಹೋದವರು 1938ರಲ್ಲಿ ಅದೇ ನಾಗಪುರದಲ್ಲಿ ಮತ್ತೆ ಕೈಜೋಡಿಸಿದಾಗ ಹಾಗೆಯೇ ಕರಗಿಹೋಗಲಿಲ್ಲ. ಸಾಮಾನ್ಯ ಮಂಡಳಿಯಲ್ಲಿ ಎರಡೂ ಕಡೆಗೆ ಸಮಪಾಲು, ರಾಜಕೀಯ ಪ್ರಶ್ನೆಗಳಿಗೂ ಮುಷ್ಕರಕ್ಕೂ ನಾಲ್ಕರಲ್ಲಿ ಮೂರು ಪಾಲು ಬಹುಮತ ಎಂಬ ಕರಾರಿನ ಮೇಲೆ ಮೊದಲು ಪ್ರಾಯೋಗಿಕವಾಗಿ ಸೇರಿದರು, 1940ರಲ್ಲಿ ಪೂರ್ಣವಾಗಿ ವಿಲೀನವಾದರು. ಇದರ ಹಿಂದೆ ವಿ.ವಿ. ಗಿರಿಯವರ ಪ್ರಯತ್ನ ದೊಡ್ಡದು. ಅಷ್ಟು ದೊಡ್ಡ ನಾಯಕರೇ ಕರಾರು ಮಾಡಿಕೊಂಡು ಸೇರಿದ್ದಾರೆಂದ ಮೇಲೆ ನೀವು ಕೇಳುವುದರಲ್ಲಿ ತಪ್ಪೇನಿದೆ?

ಮತದಾನದ ವಿಷಯದಲ್ಲಿ ಮಾತ್ರ ಅಲಕ್ಷ್ಯ ಬೇಡ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ ಪ್ರತಿ ಸಂಘದಲ್ಲೂ ಮತದ ಹಕ್ಕುಳ್ಳವರಲ್ಲಿ ಅರ್ಧದಷ್ಟು ಜನ ಮತ ಹಾಕಬೇಕಿತ್ತು, ಬಿದ್ದ ಮತಗಳಲ್ಲಿ ಶೇಕಡಾ 60 ಒಪ್ಪಿಗೆ ಬೇಕಿತ್ತು. ಅರವತ್ತು ಜನರ ಸಂಘದಲ್ಲಿ 29 ಜನ ಬಂದು ಎಲ್ಲರೂ ಒಪ್ಪಿದರೂ ವಿಲೀನ ಬಿದ್ದುಹೋಗುತ್ತಿತ್ತು, 30 ಜನ ಬಂದರೆ 18 ಜನರ ಒಪ್ಪಿಗೆಯೇ ಸಾಕಾಗುತ್ತಿತ್ತು. ಮನೆಯಲ್ಲಿ ಕುಳಿತವನು ತಟಸ್ಥನಾಗಿ ಉಳಿಯುತ್ತಿರಲಿಲ್ಲ. ಹೊಸ ಸಂಹಿತೆ ಈ ಕ್ರಮವನ್ನು ನಿಯಮಗಳಿಗೆ ಬಿಟ್ಟಿದೆಯಾದ್ದರಿಂದ, ಈಗ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಶಿವಮೊಗ್ಗದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೋ. ಏನೇ ಇರಲಿ, ಗುಪ್ತ ಮತದಾನವಿರಲಿ ಎಂದು ಹಟ ಹಿಡಿ. ಕೈ ಎತ್ತಿಸುವ ಸಭೆಯಲ್ಲಿ ಸಣ್ಣವನ ಕೈ ಪಕ್ಕದವನ ಮುಖ ನೋಡಿ ಏಳುತ್ತದೆ.

ಸಂಘದ ಹಣದ ಲೆಕ್ಕವನ್ನು ಎರಡೂ ಕಡೆಯಿಂದ ಪಡೆದುಕೊಳ್ಳಿ. ಮರಣ ಪರಿಹಾರ ನಿಧಿಗೆಂದು ನಿಮ್ಮವರು ಕೊಟ್ಟ ಚಂದಾ ಅದೇ ಕೆಲಸಕ್ಕೆ ಉಳಿಯಲಿ. ಗುತ್ತಿಗೆ ಕಾರ್ಮಿಕರಿಗೆ ಹೊಸ ಸಂಘದಲ್ಲಿ ಸದಸ್ಯತ್ವ ಉಂಟೋ ಇಲ್ಲವೋ ಎಂಬುದನ್ನೂ ಕೇಳು, ನಿನ್ನ ಪಕ್ಕದಲ್ಲಿ ಅದೇ ಧೂಳು ಕುಡಿಯುವವನನ್ನು ಬಾಗಿಲ ಹೊರಗೆ ನಿಲ್ಲಿಸಿದ ಸಂಘ ದೊಡ್ಡದಾಯಿತೆಂದು ನಾನು ಒಪ್ಪಲಾರೆ.

ಬೈಲಾದ ಕರಡು ಕೈಗೆ ಬಂದ ಕೂಡಲೇ ಒಂದು ಪ್ರತಿಯನ್ನು ನನಗೆ ಕಳುಹಿಸು. ಸರ್ವಸದಸ್ಯರ ಸಭೆಗೆ ಮುಂಚೆ ಓದಿ, ತಿದ್ದಬೇಕಾದ ಕಡೆ ಗುರುತು ಹಾಕಿಕೊಡುತ್ತೇನೆ.

ಇಂತು ನಿನ್ನ ಶ್ರೇಯಸ್ಸು ಬಯಸುವ,
ದೊಡ್ಡಪ್ಪ