ಹನ್ನೊಂದು ಮಾತ್ರೆಗಳ ಲೆಕ್ಕ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ನಮ್ಮ ಅಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಕರೆದುಕೊಂಡು ಬಂದೆವು. ನೋವಿಗೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಅಪ್ಪ ರಾತ್ರಿಯಿಡೀ ಗೋಡೆಗೆ ತಲೆ ಆನಿಸಿ ಕೂತಿರುತ್ತಿದ್ದರು. ಹತ್ತಿರದ ಆಸ್ಪತ್ರೆಯಲ್ಲಿ ಮಾರ್ಫಿನ್, ಅಂದರೆ ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧಿ, ಸಿಗುತ್ತದಾ ಅಂತ ವಿಚಾರಿಸಿದರೆ ಔಷಧಿ ಕೊಡುವವರು ನನ್ನನ್ನೇ ಅನುಮಾನದಿಂದ ನೋಡಿದರು.

ಕೊನೆಗೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದೆ. ಅಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ವಿಭಾಗದ ಡಾಕ್ಟರೊಬ್ಬರು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದರು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಗಡಿಯಾರ ನೋಡಿಯೇ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು. ಮಲಬದ್ಧತೆಗೆ ಔಷಧಿ ಜೊತೆಗಿರಲೇಬೇಕು. ಮೂರನೇ ರಾತ್ರಿ ಅಪ್ಪ ಮಲಗಿ ನಿದ್ದೆ ಮಾಡಿದರು. ನಾವು ಹೆದರಿ, ಉಸಿರಾಡ್ತಾ ಇದ್ದಾರಾ ಅಂತ ಎರಡು ಸಲ ಎದ್ದು ನೋಡಿದೆವು.

"ಇಂಥದಕ್ಕೂ ಬೇರೆ ಡಾಕ್ಟರು ಇರ್ತಾರಾ ಸರ್?" ಅಂತ ನಾನು ಕೇಳಿದ್ದಕ್ಕೆ ಅವರು ನಕ್ಕರು. ಸುಮ್ನೆ ಹುಟ್ಟಿದ ವಿಭಾಗವಲ್ಲ ಅಂದರು. ಆಮೇಲೆ ನಾನೇ ಕೂತು ಓದಿಕೊಂಡೆ.

ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್ ಶುರುವಾಗಿದ್ದು 1994ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಒಂದು ಸಣ್ಣ ಸೊಸೈಟಿ ಕಟ್ಟಿದ್ದರು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನಮ್ಮ ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಕೂಡ 1994ರದೇ. ಸಾಮಾನ್ಯವಾಗಿ ಮೊದಲು ವಿಭಾಗ ಇರುತ್ತದೆ, ಅದರ ತಜ್ಞರು ಸೇರಿ ಸಂಘ ಮಾಡಿಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ಅರಿವಳಿಕೆ, ಕ್ಯಾನ್ಸರ್ ಅಂತ ಬೇರೆ ಬೇರೆ ಕಡೆಯ ಡಾಕ್ಟರುಗಳು ಮೊದಲು ಸಂಘ ಕಟ್ಟಿಕೊಂಡರು. ನರ್ಸುಗಳನ್ನೂ ಸ್ವಯಂಸೇವಕರನ್ನೂ ಜೊತೆಗೆ ಕೂರಿಸಿಕೊಂಡರು. ಕೆಲಸ ಬಿಡದೆ ಕಲಿಯಬಹುದಾದ ಸಣ್ಣ ಕೋರ್ಸುಗಳನ್ನು ನಡೆಸಿದರು. ಇದಕ್ಕೆ ಎಂಡಿ ಪದವಿ ಇರಲಿ ಅಂತ ವೈದ್ಯಕೀಯ ಮಂಡಳಿ ಒಪ್ಪಿದ್ದು 2010ರಲ್ಲಿ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೋರ್ಸ್ ಶುರುವಾಗಿದ್ದು 2012ರಲ್ಲಿ. ಸಂಘ ಹುಟ್ಟಿ ಅಷ್ಟೊತ್ತಿಗೆ 18 ವರ್ಷ!

ಇನ್ನು ಮಾರ್ಫಿನ್ ಕಥೆ. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನದ ಕಡೆ ಸರ್ಕಾರದ ಲೈಸೆನ್ಸಿನಲ್ಲಿ ಅಫೀಮು ಬೆಳೆಯುತ್ತಾರೆ. ಮಾರ್ಫಿನ್ ಬರುವುದು ಅದರಿಂದಲೇ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಎಷ್ಟೋ ರಾಜ್ಯಗಳಲ್ಲಿ ಆಸ್ಪತ್ರೆಯೊಂದು ಈ ಮಾತ್ರೆ ಇಟ್ಟುಕೊಳ್ಳಲು ನಾಲ್ಕೈದು ಲೈಸೆನ್ಸ್ ಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಯಾರಿಗೆ ಬೇಕು ಈ ತಲೆನೋವು ಅಂತ ಆಸ್ಪತ್ರೆಗಳು ಕೈಬಿಟ್ಟವು. ಈ ಡಾಕ್ಟರುಗಳು ವರ್ಷಗಟ್ಟಲೆ ದೆಹಲಿಗೆ ಓಡಾಡಿದರು. 2014ರಲ್ಲಿ ಸಂಸತ್ತು ತಿದ್ದುಪಡಿ ತಂದಿತು. ಈಗ ಮಾರ್ಫಿನ್ 'ಅತ್ಯಗತ್ಯ' ಔಷಧಿಗಳ ಪಟ್ಟಿಯಲ್ಲಿದೆ. ರಾಜ್ಯದ ಔಷಧ ನಿಯಂತ್ರಕರು ಆಸ್ಪತ್ರೆಗೆ ಮಾನ್ಯತೆ ಕೊಟ್ಟರೆ ಸಾಕು.

ಅಂದರೆ ಸ್ವಾಮಿ, ಬೀಗದ ಕೈ ಈಗ ದೆಹಲಿಯಲ್ಲಿಲ್ಲ. ಇಲ್ಲೇ ಇದೆ.

2025ರ ಜನವರಿಯಲ್ಲಿ ನಿಮ್ಮ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟಿನ ಮಾತನ್ನು ಪಾಲಿಸಿದಿರಿ, ಸಂತೋಷ. ಆದರೆ ಅದು ಐಸಿಯುನಲ್ಲಿ ಮೆಷಿನ್ನುಗಳ ನಡುವೆ ಇರುವವರ, ಗುಣವಾಗದಿದ್ದರೆ ಆ ಮೆಷಿನ್ನು ನಿಲ್ಲಿಸುವ ಮಾತು. ಮನೆಯ ಮಂಚದ ಮೇಲೆ ನೋವು ತಿನ್ನುತ್ತಾ ಮಲಗಿರುವವರೇ ಜಾಸ್ತಿ, ಅಲ್ವಾ?

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಬಾಯಲ್ಲಿ ನುಂಗುವ ಮಾರ್ಫಿನ್ ಇರಲಿ. ಬರೆದುಕೊಡಲು ತರಬೇತಿ ಪಡೆದ ಒಬ್ಬ ಡಾಕ್ಟರ್, ಮನೆಗೆ ಬಂದು ನೋಡಲು ಒಬ್ಬ ನರ್ಸ್ ಇರಲಿ. ತರಬೇತಿಗೆ ಹೊಸ ಸಮಿತಿ ಬೇಡ, ದಯವಿಟ್ಟು. ಕಲಿಸುವವರು ಆಗಲೇ ಇದ್ದಾರೆ, ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾರೆ. ಅವರನ್ನು ಒಮ್ಮೆ ವಿಧಾನಸೌಧಕ್ಕೆ ಕರೆದು ಮಾತಾಡಿ. ಇಂದಿನ ಎಂಡಿ ವಿದ್ಯಾರ್ಥಿಗಳು ಓದು ಮುಗಿಸಿದ ಮೇಲೆ ಜಿಲ್ಲೆಗಳಿಗೆ ಬರಬೇಕಾದರೆ ಅಲ್ಲಿ ಅವರಿಗೊಂದು ಹುದ್ದೆಯೂ ಬೇಕು.

ಮಾತ್ರೆ ದುರುಪಯೋಗವಾದರೆ ಅಂತ ಅಧಿಕಾರಿಗಳು ನಿಮ್ಮನ್ನು ಹೆದರಿಸಬಹುದು. ಅಪ್ಪ ತೀರಿಕೊಂಡಾಗ ನಮ್ಮ ಮನೆಯಲ್ಲಿ ಹನ್ನೊಂದು ಮಾತ್ರೆ ಉಳಿದಿದ್ದವು. ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿದ್ದರು. ತಿಥಿ ಮುಗಿಸಿ ಮತ್ತೆ ಅದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ನರ್ಸಮ್ಮ ಒಂದೊಂದಾಗಿ ಎಣಿಸಿದರು, ರಿಜಿಸ್ಟರಿನಲ್ಲಿ ಬರೆದರು, ನನ್ನ ಸಹಿ ಹಾಕಿಸಿಕೊಂಡರು. ಅಂಥದೊಂದು ರಿಜಿಸ್ಟರ್ ನಮ್ಮ ಜಿಲ್ಲೆಗೂ ಕೊಡಿ.

ಇಂತಿ,
ಉತ್ತರ ಕರ್ನಾಟಕದ ಒಬ್ಬ ಮೇಷ್ಟ್ರು