ಕೇಳಿಸದೆ ಉಳಿದ ಅರ್ಧ ಮಾತು

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ಮಳೆ ಹಿಡಿದುಕೊಂಡಿರುವುದರಿಂದ ಸಂಜೆಯ ತಿರುಗಾಟ ನಿಂತಿದೆ. ಆ ಹೊತ್ತನ್ನೆಲ್ಲ ನಿನ್ನ ಊರಿನಿಂದ ತಂದ, ಟಾಮ್ ಟಿ. ಹಾಲ್ ಅವರ ಹಾಡುಗಳ ಆ ಎರಡು ಡಿಸ್ಕ್‌ಗಳ ಮುಂದೆ ಕಳೆಯುತ್ತಿದ್ದೇನೆ. “ಆ ಹಾಡುಗಳಲ್ಲಿ ಅಂಥದ್ದೇನಿದೆ ಅಪ್ಪ? ರಾಗವೂ ಹೆಚ್ಚುಕಡಿಮೆ ಒಂದೇ, ದನಿಯೂ ಏರುವುದಿಲ್ಲ, ಇಳಿಯುವುದಿಲ್ಲ” ಎಂದು ಕಳೆದ ಭಾನುವಾರ ನೀನು ಫೋನಿನಲ್ಲಿ ಕೇಳಿದಾಗ ನಾನು ಬೇರೆ ಮಾತು ತೆಗೆದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಮನಸ್ಸಿನಲ್ಲಿರುವುದನ್ನು ಕಾಗದದ ಮೇಲೆ ಇಳಿಸುವುದೇ ಸಲೀಸು.

ನಿನ್ನ ಅಮ್ಮ ತೀರಿಕೊಂಡ ವರ್ಷ ನೀನು ಹಠ ಹಿಡಿದು ನನ್ನನ್ನು ನ್ಯಾಶ್ವಿಲ್‌ಗೆ ಕರೆಸಿಕೊಂಡೆಯಲ್ಲ, ಆಗ ಒಂದು ಶನಿವಾರ ಕಂಟ್ರಿ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ಹಿರಿಯರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಹೋಗಿದ್ದೆವು. ದುಂಡನೆಯ ಆ ಕೋಣೆಯ ಗೋಡೆಗಳ ಮೇಲಿದ್ದ ಕಂಚಿನ ಫಲಕಗಳಲ್ಲಿ ನನಗೆ ಪರಿಚಯವಿದ್ದ ಹೆಸರುಗಳು ಒಂದೆರಡೇ. 2008ರಲ್ಲಿ ಅಲ್ಲಿ ಸೇರಿದ ಟಾಮ್ ಟಿ. ಹಾಲ್ ಅವರ ಫಲಕದ ಮುಂದೆ ನೀನು, “ಇವರನ್ನು ಇಲ್ಲಿಯವರು ಕಥೆಗಾರ ಎಂದು ಕರೆಯುತ್ತಾರೆ” ಎಂದೆ. ಹಾಡು ಬರೆಯುವವರಿಗೆ ಕಥೆಗಾರ ಎಂಬ ಬಿರುದು ನನ್ನ ಕಿವಿಯಲ್ಲಿ ಉಳಿಯಿತು. ಅದನ್ನು ಕೊಟ್ಟವರು ಟೆಕ್ಸ್ ರಿಟರ್ ಎಂಬ ಹಿರಿಯ ಗಾಯಕರಂತೆ. ಮರುವಾರ ಹಳೆಯ ಡಿಸ್ಕ್‌ಗಳನ್ನು ಮಾರುವ ಅಂಗಡಿಯಲ್ಲಿ, 1995ರಲ್ಲಿ ಮರ್ಕ್ಯುರಿ ಸಂಸ್ಥೆ ಹೊರತಂದ ಹಾಲ್ ಅವರ ಆಯ್ದ ಹಾಡುಗಳ ಈ ಸಂಕಲನ ನನ್ನ ಕೈಗೆ ಬಂದಿತು. ಅದರ ಹೊದಿಕೆಯ ಮೇಲೆಯೂ ಕಥೆಗಾರ, ಕವಿ, ತತ್ತ್ವಜ್ಞಾನಿ ಎಂದು ಬರೆದಿದೆ. ಮೂರರಲ್ಲಿ ಮೊದಲನೆಯ ಮಾತೇ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1936ರ ಮೇ 25ರಂದು, ಕೆಂಟಕಿ ರಾಜ್ಯದ ಆಲಿವ್ ಹಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಇಟ್ಟಿಗೆ ಕೆಲಸದವರು, ಜೊತೆಗೆ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು. ತಾಯಿ ಬೇಗ ತೀರಿಕೊಂಡರು. ತಂದೆಗೆ ಬೇಟೆಯ ಅವಘಡದಲ್ಲಿ ಗುಂಡು ತಗುಲಿದ ಮೇಲೆ ಹುಡುಗ ಶಾಲೆ ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಬೇಕಾಯಿತು. ಆಮೇಲೆ ಮೋರ್‌ಹೆಡ್ ಊರಿನ ರೇಡಿಯೊದಲ್ಲಿ ಉದ್ಘೋಷಕನ ಕೆಲಸ, 1957ರಿಂದ ಜರ್ಮನಿಯಲ್ಲಿ ಸೈನ್ಯದ ನೌಕರಿ, ಮತ್ತೆ ರೇಡಿಯೊ. ಜಿಮ್ಮಿ ಸಿ. ನ್ಯೂಮನ್ ಎಂಬ ಗಾಯಕ 1963ರಲ್ಲಿ ಅವರ ಒಂದು ಹಾಡನ್ನು ಧ್ವನಿಮುದ್ರಿಸಿದ್ದರಿಂದ 1964ರಲ್ಲಿ ನ್ಯಾಶ್ವಿಲ್ ಸೇರಿದರು. ವಾರಕ್ಕೆ 50 ಡಾಲರ್ ಸಂಬಳಕ್ಕೆ ಬೇರೆಯವರಿಗಾಗಿ ಹಾಡು ಬರೆದುಕೊಡುವುದು ಅಲ್ಲಿನ ಕೆಲಸ. ಕೆಲವು ದಿನ ಐದಾರು ಹಾಡು ಬರೆದದ್ದೂ ಉಂಟಂತೆ. ತಮ್ಮ ಹಾಡನ್ನು ತಾವೇ ಹಾಡಲು ತೊಡಗಿದ್ದು 1967ರಲ್ಲಿ. ಹೆಸರಿನ ನಡುವೆ ಆ ಟಿ ಅಕ್ಷರ ಸೇರಿದ್ದೂ ಗಾಯಕರಾಗುವಾಗಲೇ.

ಮರುವರ್ಷ, 1968ರಲ್ಲಿ, ಜೀನಿ ಸಿ. ರೈಲಿ ಎಂಬ ತರುಣಿ ಹಾಡಿದ ‘ಹಾರ್ಪರ್ ವ್ಯಾಲಿ ಪಿ.ಟಿ.ಎ.’ ಅವರ ಹೆಸರನ್ನು ದೇಶಕ್ಕೆಲ್ಲ ತಲುಪಿಸಿತು. ನ್ಯಾಶ್ವಿಲ್‌ನಲ್ಲಿ ಸೆಕ್ರೆಟರಿಯಾಗಿದ್ದ ಆಕೆಯ ಹಾಡು ಒಂದೇ ವಾರದಲ್ಲಿ, ಜನಪ್ರಿಯ ಹಾಡುಗಳ ಕ್ರಮ ಹೇಳುವ ಬಿಲ್‌ಬೋರ್ಡ್ ಪಟ್ಟಿಯ 81ನೆಯ ಸ್ಥಾನದಿಂದ 7ಕ್ಕೆ ಹಾರಿ, ಮುಂದೆ ಪಾಪ್ ಪಟ್ಟಿ, ಕಂಟ್ರಿ ಪಟ್ಟಿ ಎರಡರಲ್ಲೂ ಮೊದಲನೆಯದಾಯಿತು. ಒಂದೇ ಹಾಡಿನಿಂದ ಎರಡೂ ಪಟ್ಟಿಗಳ ತುದಿಗೆ ಏರಿದ ಮೊದಲ ಮಹಿಳೆ ಆಕೆ. ಆದರೆ ನಾನು ನಿನಗೆ ಹೇಳಬೇಕೆಂದಿರುವುದು ಆ ಹಾಡಿನ ಕಟ್ಟಡದ ವಿಷಯ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಗಿಡ್ಡ ಲಂಗ ಉಡುತ್ತಾಳೆ, ಕುಡಿಯುತ್ತಾಳೆ, ಮಗಳನ್ನು ಬೆಳೆಸುವ ರೀತಿ ಇದಲ್ಲ ಎಂದು ಶಾಲೆಯ ಪೋಷಕರ ಸಂಘ, ಅಂದರೆ ಆ ಪಿ.ಟಿ.ಎ., ಆ ಮಗಳ ಕೈಯಲ್ಲೇ ಚೀಟಿ ಕಳಿಸುತ್ತದೆ. ಸಂಘದ ಸಭೆ ಅದೇ ದಿನ ಮಧ್ಯಾಹ್ನ ಇರುತ್ತದೆ. ಆಕೆ ಅದೇ ಗಿಡ್ಡ ಲಂಗದಲ್ಲಿ ಸಭೆಗೆ ನಡೆದು, ಅಲ್ಲಿ ಕುಳಿತ ಒಬ್ಬೊಬ್ಬರ ಮನೆಯೊಳಗಿನ ಸಂಗತಿಯನ್ನೂ ಅವರವರ ಮುಖದೆದುರೇ ಬಿಚ್ಚಿಡುತ್ತಾಳೆ. ಇಷ್ಟು ಹೊತ್ತೂ ಕಥೆ ಹೇಳುತ್ತಿರುವವರು ಯಾರೋ ಊರಿನವರು ಎಂದು ನಾವು ತಿಳಿದಿರುತ್ತೇವೆ. ಕೊನೆಯ ಸಾಲಿನಲ್ಲಿ ಹಾಡುತ್ತಿರುವವಳು ‘ನಮ್ಮಮ್ಮ’ ಎನ್ನುತ್ತಾಳೆ. ಚೀಟಿ ತಂದ ಹುಡುಗಿಯೇ ಇವಳು! ನಾಲ್ಕು ನಿಮಿಷವೂ ಇಲ್ಲದ ಹಾಡಿನಲ್ಲಿ ಆ ಒಂದು ಮಾತು ಹಿಂದಿನದನ್ನೆಲ್ಲ ಮತ್ತೊಮ್ಮೆ ಕೇಳುವಂತೆ ಮಾಡುತ್ತದೆ. ಊರಿನ ಹರಟೆಯಾಗಿದ್ದದ್ದು ಮಗಳ ಹೆಮ್ಮೆಯಾಗಿಬಿಡುತ್ತದೆ. ಹೆಸರು ಹೊಳೆದದ್ದು ನ್ಯಾಶ್ವಿಲ್ ಬಳಿಯ ಹಾರ್ಪೆತ್ ವ್ಯಾಲಿ ಎಂಬ ಶಾಲೆಯ ಫಲಕ ನೋಡಿ. ಆದರೆ ಆ ತಾಯಿಯನ್ನು ಹಾಲ್ ತಮ್ಮ ಬಾಲ್ಯದ ಊರಿನಲ್ಲಿ ಕಂಡಿದ್ದರು.

ಹಾಡಿನಲ್ಲಿ ಕಥೆ ಹೇಳುವುದು ಲಾವಣಿ ಕೇಳಿ ಬೆಳೆದ ನನಗೆ ಹೊಸದಲ್ಲ. ಆದರೆ ಲಾವಣಿಕಾರನಿಗೆ ವೀರನೋ ಯುದ್ಧವೋ ಬೇಕು. ಹಾಲ್ ಅವರಿಗೆ ಹೋಟೆಲಿನ ಕಸ ಗುಡಿಸುವ ಮುದುಕ ಸಾಕಾಗಿತ್ತು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆದಾಗ ಅವರು ಮಯಾಮಿ ಬೀಚ್‌ನಲ್ಲಿದ್ದರು. ಇಡೀ ದೇಶದ ರಾಜಕಾರಣ ಆ ಊರಿನಲ್ಲಿ ಸೇರಿತ್ತು. ಅವರು ಅಲ್ಲಿಂದ ಹೊತ್ತು ತಂದದ್ದು ಮಾತ್ರ, ಅರವತ್ತೈದು ದಾಟಿದ ಆ ಕೆಲಸಗಾರ ತನಗೆ ಮುಖ್ಯವೆನಿಸಿದ ಮೂರು ವಸ್ತುಗಳ ಬಗ್ಗೆ ಆಡಿದ ಮಾತನ್ನು: ಮುದಿ ನಾಯಿಗಳು, ಮಕ್ಕಳು, ಕಲ್ಲಂಗಡಿ ಹಣ್ಣಿನ ವೈನ್. ಆ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲನೆಯದಾಯಿತು.

ಈ ಸಂಕಲನದಲ್ಲಿ ಎಲ್ಲವೂ ಒಂದೇ ತೂಕದವಲ್ಲ. ತನಗೆ ಇಷ್ಟವಾದ ಪುಟ್ಟ ಪುಟ್ಟ ವಸ್ತುಗಳನ್ನು ಪಟ್ಟಿಮಾಡುತ್ತ ಹೋಗುವ 1973ರ ಹಾಡೊಂದು ಬಹಳ ಜನಪ್ರಿಯವಾಯಿತಾದರೂ ನನಗೆ ಅದು ತೆಳುವೆನಿಸಿತು. ಅದರಲ್ಲಿ ಎದುರಿಗೆ ಇನ್ನೊಬ್ಬ ಮನುಷ್ಯನಿಲ್ಲ. ಹಾಲ್ ಅವರ ಶಕ್ತಿಯೆಲ್ಲ ಇರುವುದು ಇನ್ನೊಬ್ಬರ ಮಾತಿಗೆ ಕಿವಿಗೊಡುವುದರಲ್ಲಿ. 1971ರ ಒಂದು ಆಲ್ಬಮ್‌ಗಾಗಿ ಅವರು ಹಾಡು ಹುಡುಕಿಕೊಂಡು ಕೆಂಟಕಿಯ ಒಳರಸ್ತೆಗಳಲ್ಲಿ ಕಾರಿನಲ್ಲಿ ಅಲೆದರು. ಆಗ ಹೈಡನ್ ಎಂಬಲ್ಲಿಗೂ ಹೋಗಿದ್ದರು. ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ 1970ರ ಡಿಸೆಂಬರ್ 30ರಂದು ಸ್ಫೋಟವಾಗಿ 38 ಮಂದಿ ಸತ್ತಿದ್ದರು. ಅಂಥ ವಿಷಯ ಸಿಕ್ಕಿದರೆ ಬರೆಯುವವರಿಗೆ ಕೂಗಬೇಕೆನಿಸುತ್ತದೆ, ಅಳಿಸಬೇಕೆನಿಸುತ್ತದೆ. ಹಾಲ್ ಮಾತ್ರ ದಾರಿಯಲ್ಲಿ ಕಂಡ ನಾಯಿಗಳನ್ನು, ಕೋಳಿಗಳನ್ನು, ತಾತ್ಕಾಲಿಕವೆಂಬಂತಿದ್ದ ಮನೆಗಳನ್ನು, ಸಂಕೋಚದ ಸಣಕಲು ಮಕ್ಕಳನ್ನು ಹೇಳುತ್ತ ಹೋಗುತ್ತಾರೆ. ಕೊನೆಗೆ ಅಲ್ಲಿನ ಹೆಂಗಸೊಬ್ಬಳು, ಬದುಕಿದ್ದಾಗಿನದಕ್ಕಿಂತ ಈಗಲೇ ಆ ಸತ್ತವರ ಬೆಲೆ ಹೆಚ್ಚು ಎನ್ನುತ್ತಾಳೆ. ಆಕೆ ಸ್ಪಷ್ಟವಾಗಿಯೇ ಹೇಳಿದ್ದಾಳೆ, ಆದ್ದರಿಂದ ನಾನು ಇಲ್ಲಿಗೇ ಬಿಡುತ್ತೇನೆ ಎಂದು ಹಾಲ್ ಹಾಡನ್ನು ನಿಲ್ಲಿಸಿಬಿಡುತ್ತಾರೆ. ಪುಟ್ಟಿ, ನಾನು ಎಷ್ಟೋ ವರ್ಷ ಮಕ್ಕಳ ಪ್ರಬಂಧಗಳನ್ನು ತಿದ್ದಿದ್ದೇನೆ; ಕೊನೆಯಲ್ಲೊಂದು ನೀತಿ ಸೇರಿಸು ಎಂದು ಹೇಳಿಯೂ ಇದ್ದೇನೆ. ಆ ಹಾಡು ಕೇಳಿದ ಮೇಲೆ ಆ ಮಕ್ಕಳಿಗೆ ಹಾಗೆ ಹೇಳಬಾರದಿತ್ತು ಎನಿಸಿತು.

ಇದೇ ಆಲ್ಬಮ್‌ನಲ್ಲಿ ‘ಕ್ಲೇಟನ್ ಡಿಲೇನಿ ತೀರಿಕೊಂಡ ವರ್ಷ’ದ ಹಾಡೂ ಇದೆ. ಬಾಲಕ ಹಾಲ್‌ಗೆ ಗಿಟಾರಿನ ಹುಚ್ಚು ಹಿಡಿಸಿದ ನೆರೆಯ ತರುಣನೊಬ್ಬ ಎಳೆಯ ಪ್ರಾಯದಲ್ಲೇ ಸತ್ತಿದ್ದ. ಬೇರೆ ಹೆಸರಿಟ್ಟು ಅವನನ್ನು ಹಾಡಿನಲ್ಲಿ ಉಳಿಸಿಕೊಂಡರು. ಹುಡುಗ ಯಾರಿಗೂ ತಿಳಿಯದಂತೆ ಕಾಡಿಗೆ ಹೋಗಿ ಅತ್ತದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಈಗ ನಿನ್ನ ಪ್ರಶ್ನೆಗೆ ನಿಜವಾದ ಉತ್ತರ. ಮೊದಲ ಡಿಸ್ಕ್‌ನಲ್ಲಿ 1969ರ ಒಂದು ಹಾಡಿದೆ. ಮನೆಗೆ ಮರಳುವುದು ಎಂದು ಅದರ ಹೆಸರಿನ ಅರ್ಥ. ಊರೂರು ಅಲೆದು ಹಾಡುವ ಮಗನೊಬ್ಬ ಬಹಳ ವರ್ಷಗಳ ಮೇಲೆ ತಂದೆಯ ಮನೆಗೆ ಬಂದಿದ್ದಾನೆ. ಬರುವ ವಿಷಯ ಬರೆದು ತಿಳಿಸಬೇಕಿತ್ತು, ನಿಮ್ಮಲ್ಲಿ ಫೋನ್ ಬಂದಿರುವುದು ಗೊತ್ತಿರಲಿಲ್ಲ ಎನ್ನುತ್ತಾನೆ. ದನಗಳು ಮೈ ತುಂಬಿಕೊಂಡಿವೆ ಎನ್ನುತ್ತಾನೆ. ತಾನು ಸ್ವಲ್ಪ ಇಳಿದಿರುವುದು ನಿಜ ಎನ್ನುತ್ತಾನೆ, ಬೆರಳಿನ ಉಂಗುರಕ್ಕೆ ಅಷ್ಟೇನೂ ದುಡ್ಡಾಗಲಿಲ್ಲ ಎನ್ನುತ್ತಾನೆ. ತಂದೆ ಏನು ಕೇಳಿದ್ದಕ್ಕೆ ಇವನು ಹೀಗೆ ಹೇಳುತ್ತಿದ್ದಾನೆ ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು, ಏಕೆಂದರೆ ಇಡೀ ಹಾಡಿನಲ್ಲಿ ತಂದೆಯ ಒಂದು ಮಾತೂ ಕೇಳಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಮಾತನಾಡುವಾಗ ನಮಗೆ ಅರ್ಧವೇ ಕೇಳಿಸುವಂತೆ. ನಡುವೆ ಒಂದು ಕಡೆ, ಅಮ್ಮ ತೀರಿಕೊಂಡಾಗ ನಿಮ್ಮ ಜೊತೆ ಇರಲಾಗಲಿಲ್ಲ, ಸುದ್ದಿ ಮುಟ್ಟುವಾಗ ತಡವಾಗಿತ್ತು ಎನ್ನುತ್ತಾನೆ. ಬರುವ ದಾರಿಯಲ್ಲಿ ಸಮಾಧಿ ನೋಡಿಕೊಂಡು ಬಂದೆ, ಕಲ್ಲು ಬಹಳ ಚೆನ್ನಾಗಿದೆ ಎಂದೂ ಹೇಳುತ್ತಾನೆ. ಆ ಮೇಲೆ ರಾತ್ರಿಗೆ ಇನ್ನೊಂದು ಊರಿನಲ್ಲಿ ಕಾರ್ಯಕ್ರಮವಿದೆ, ಹೊರಡಬೇಕು, ನಂಬರ್ ಕೊಡಿ, ಫೋನ್ ಮಾಡುತ್ತೇನೆ, ಬರೆಯುತ್ತೇನೆ ಎಂದು ಎದ್ದುಬಿಡುತ್ತಾನೆ.

ಮೊದಲ ಸಲ ಅದನ್ನು ಕೇಳಿದ್ದು ನಿನ್ನ ಅಡುಗೆಮನೆಯಲ್ಲಿ, ನೀನು ಕೆಲಸಕ್ಕೆ ಹೋಗಿದ್ದಾಗ. ಪದಗಳೆಲ್ಲ ಹಿಡಿಯಲಿಲ್ಲ, ಮೂರು ಸಲ ಹಾಕಿ ಕೇಳಿದೆ. ನಿನ್ನ ಅಮ್ಮನ ವಿಷಯದಲ್ಲಿ ನೀನು ಬಂದು ತಲುಪುವಾಗ ಮೂರನೆಯ ದಿನವಾಗಿತ್ತು. ಅಂದಿನಿಂದ ಪ್ರತಿ ಭಾನುವಾರ ಮಾತಿನ ನಡುವೆ ಎಲ್ಲಾದರೂ ಒಂದು ಕಡೆ ನೀನು, “ಹೊತ್ತಿಗೆ ಸರಿಯಾಗಿ ಬರಲಾಗಲಿಲ್ಲ ಅಪ್ಪ” ಎನ್ನುತ್ತೀಯ. ನಾನು ಅನ್ನ ಆಯಿತೇ, ಚಳಿ ಹೇಗಿದೆ ಎಂದು ಕೇಳುತ್ತೇನೆ. ಆ ಹಾಡಿನ ತಂದೆಯಂತೆ ನನ್ನ ಪಾಲಿನ ಮಾತೂ ಈವರೆಗೆ ಕೇಳಿಸಿಲ್ಲ. ಹಾಲ್ ಅದನ್ನು ಬರೆಯದೆ ಬಿಟ್ಟದ್ದು ಕಲೆಗಾಗಿ, ಅದು ಸರಿಯಾದದ್ದೇ. ನಾನು ಬಿಟ್ಟದ್ದು ಬಾಯಿ ಬಾರದೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ: ನೀನು ಬರಲಿಲ್ಲವೆಂದು ನಾನು ಒಂದು ದಿನವೂ ನೊಂದುಕೊಂಡಿಲ್ಲ. ನಿನ್ನ ಅಮ್ಮನೂ ಕಾಯುತ್ತ ಮಲಗಿರಲಿಲ್ಲ. ಆಕೆಗೆ ಕೊನೆಯ ಎರಡು ದಿನ ಎಚ್ಚರವೇ ಇರಲಿಲ್ಲ. ಆ ಮಾತನ್ನು ಇನ್ನು ಮೇಲೆ ಹೇಳಬೇಡ.

ಹಾಲ್ ಅವರ ಮುಂದಿನ ದಿನಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1973ರಲ್ಲಿ ಬಂದ ಗ್ರ್ಯಾಮಿ ಪ್ರಶಸ್ತಿ ಹಾಡಿಗಲ್ಲ, ತಮ್ಮ ಜನಪ್ರಿಯ ಹಾಡುಗಳ ಸಂಕಲನಕ್ಕೆ ಅವರೇ ಬರೆದ ಟಿಪ್ಪಣಿಗಳಿಗೆ. 1974ರಲ್ಲಿ ತಮ್ಮ ಫಾಕ್ಸ್ ಹಾಲೋ ತೋಟದ ಪ್ರಾಣಿಗಳ ಮೇಲೆ ಮಕ್ಕಳ ಹಾಡುಗಳನ್ನು ಬರೆದರು. ಅವರ ಹಾಡೊಂದನ್ನು ಅಲನ್ ಜಾಕ್ಸನ್ 1996ರಲ್ಲಿ ಹಾಡಿದಾಗ ಅದು ಕಂಟ್ರಿ ಪಟ್ಟಿಯ ತುದಿಗೇರಿತು. ಇಳಿವಯಸ್ಸಿನಲ್ಲಿ ಪತ್ನಿ ಡಿಕ್ಸಿಯವರೊಂದಿಗೆ ಕೂಡಿ, ಬ್ಲೂಗ್ರಾಸ್ ಎಂಬ ಬ್ಯಾಂಜೊ, ಪಿಟೀಲುಗಳ ಹಳ್ಳಿ ಶೈಲಿಯ ಹಾಡುಗಳನ್ನು ಬರೆಯುತ್ತ ಕಳೆದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಆಕೆ 2015ರಲ್ಲಿ ತೀರಿಕೊಂಡರು. 2018ರಲ್ಲಿ ಬ್ಲೂಗ್ರಾಸ್ ಸಂಗೀತದ ಹಾಲ್ ಆಫ್ ಫೇಮ್‌ಗೆ ಇಬ್ಬರ ಹೆಸರನ್ನೂ ಒಟ್ಟಿಗೆ ಸೇರಿಸಿದಾಗ ಅವರೊಬ್ಬರೇ ಉಳಿದಿದ್ದರು. 2021ರ ಆಗಸ್ಟ್ 20ರಂದು, 85ನೆಯ ವಯಸ್ಸಿನಲ್ಲಿ, ನ್ಯಾಶ್ವಿಲ್ ಬಳಿಯ ಫ್ರಾಂಕ್ಲಿನ್‌ನಲ್ಲಿ ಅವರೂ ಹೋದರು.

ನೀನು ಕನ್ನಡದಲ್ಲಿ ಕಥೆ ಬರೆಯಲು ಕುಳಿತಾಗಲೆಲ್ಲ ನಮ್ಮಂಥವರ ಬದುಕಿನಲ್ಲಿ ಬರೆಯುವಂಥದ್ದೇನಿದೆ ಎಂದು ಪುಟ ಹರಿಯುತ್ತೀಯಲ್ಲ. ನಿನ್ನ ಅಮ್ಮನ ಬಗ್ಗೆ ಬರೆ. ಆಕೆಯನ್ನು ಹೊಗಳಬೇಡ, ಆಕೆ ಆಡಿದ ಮಾತುಗಳನ್ನು ಮಾತ್ರ ಇಡು. ನಿನಗೆ ತಿಳಿಯದ ಒಂದನ್ನು ನಾನು ಕೊಡುತ್ತೇನೆ. ಆಸ್ಪತ್ರೆಗೆ ಹೋಗಲು ಆಟೋ ಬಂದು ನಿಂತಾಗ ಬಾಗಿಲಲ್ಲಿ ತಿರುಗಿ, “ಅಕ್ಕಿ ನೆನೆಹಾಕಿದ್ದೇನೆ, ನನಗೆ ತಡವಾದರೆ ಸಂಜೆ ನೀವೇ ರುಬ್ಬಿಬಿಡಿ” ಎಂದಳು. ರಾತ್ರಿ ಒಬ್ಬನೇ ಮನೆಗೆ ಬಂದು ರುಬ್ಬಿದೆ.

ಇಂತು ನಿನ್ನ
ಅಪ್ಪ