ಜೆರೇನಿಯಂಗೆ ದಿನವೂ ನೀರು ಬೇಡ

ಮಾನ್ಯರೇ,

ಹೂಕುಂಡಗಳ ಆರೈಕೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಜೆರೇನಿಯಂಗೆ ದಿನಕ್ಕೊಮ್ಮೆ ನೀರು ಹಾಕಲು ಹೇಳಿದೆ. ಹಾಗೆ ಮಾಡಿದರೆ ಗಿಡ ಉಳಿಯುವುದು ಕಷ್ಟ. ಕುಂಡಗಳಲ್ಲಿ ನಾವು ಬೆಳೆಸುವ ಜೆರೇನಿಯಂ ಸಸ್ಯಶಾಸ್ತ್ರದ ಪ್ರಕಾರ ಪೆಲಾರ್ಗೋನಿಯಂ. ಹೆಚ್ಚಿನವುಗಳ ಮೂಲ ದಕ್ಷಿಣ ಆಫ್ರಿಕಾ. ದಪ್ಪ ಕಾಂಡದಲ್ಲಿ ಅದು ನೀರು ಕೂಡಿಟ್ಟುಕೊಳ್ಳುತ್ತದೆ. ಎರಡು ದಿನ ನೀರಿಲ್ಲದಿದ್ದರೂ ತಡೆದೀತು, ಬೇರು ಸದಾ ನೆನೆದಿದ್ದರೆ ತಡೆಯದು.

ಮಣ್ಣಿಗೆ ಬೆರಳಿಟ್ಟು ನೋಡಿ. ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ಕುಂಡದ ತಳದಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಣ್ಣು ಸದಾ ಹಸಿಯಾಗಿದ್ದರೆ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ತಗಲುತ್ತದೆ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗುತ್ತದೆ, ಕಪ್ಪು ಮೇಲೇರುತ್ತದೆ, ಎಲೆ ಬಾಡುತ್ತದೆ. ಬಾಡಿದ್ದು ಕಂಡು ಮತ್ತಷ್ಟು ನೀರು ಸುರಿಯುವವರೇ ಹೆಚ್ಚು! ಬುಡ ಕಪ್ಪಾದ ಗಿಡಕ್ಕೆ ಔಷಧಿಯಿಲ್ಲ. ಗಿಡವನ್ನೂ ಆ ಮಣ್ಣನ್ನೂ ಎಸೆಯಬೇಕು.

ಬಳ್ಳಿ ಜೆರೇನಿಯಂನ ಎಲೆಯಡಿ ಬೆಂಡಿನಂಥ ಕಂದು ಗುಳ್ಳೆ ಎದ್ದರೆ ಅದು ರೋಗವಲ್ಲ. ಎಲೆ ಹೊರಬಿಡುವುದಕ್ಕಿಂತ ಹೆಚ್ಚು ನೀರನ್ನು ಬೇರು ಹೀರಿದ್ದರಿಂದ ಜೀವಕೋಶಗಳು ಒಡೆದ ಗುರುತು. ಸಿಂಪಡಣೆ ವ್ಯರ್ಥ, ನೀರು ಕಡಿಮೆ ಮಾಡಿ, ಗಾಳಿ ಆಡಲು ಬಿಡಿ.

ಎಲೆ ಸೊಂಪಾಗಿದ್ದು ಹೂವಿಲ್ಲದಿದ್ದರೆ ಸಾರಜನಕ ಹೆಚ್ಚಾಗಿದೆ, ಇಲ್ಲವೇ ಬಿಸಿಲು ಸಾಲದು. ದಿನಕ್ಕೆ ನಾಲ್ಕರಿಂದ ಆರು ಗಂಟೆ ಬಿಸಿಲು ಬೇಕು. ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರವನ್ನು ಅರ್ಧ ಪ್ರಮಾಣಕ್ಕೆ ತೆಳುಮಾಡಿ ಹದಿನೈದು ದಿನಕ್ಕೊಮ್ಮೆ ಕೊಡಿ. ತೀರಾ ಸೆಕೆಯಲ್ಲಿ ಹೂವು ನಿಂತರೆ ಗೊಬ್ಬರ ಸುರಿಯಬೇಡಿ, ಮಧ್ಯಾಹ್ನದ ನೆರಳು ಸಾಕು. ಬಾಡಿದ ಗೊಂಚಲಿನ ದಳಗಳನ್ನಷ್ಟೇ ಕೀಳದೆ, ತೊಟ್ಟು ಕಾಂಡಕ್ಕೆ ಸೇರುವ ಗೆಣ್ಣಿನಲ್ಲೇ ಮುರಿಯಿರಿ.

ಹೊಸ ಗಿಡಕ್ಕೆ ಹೂವಿಲ್ಲದ ಚಿಗುರು ಆರಿಸಿ, ಗೆಣ್ಣಿನ ಕೆಳಗೆ ಹರಿತವಾದ ಬ್ಲೇಡಿನಿಂದ ಎಂಟು–ಹತ್ತು ಸೆಂಟಿಮೀಟರ್ ತುಂಡು ಕತ್ತರಿಸಿ. ತುದಿಯ ಎರಡು–ಮೂರು ಎಲೆ ಉಳಿಸಿ, ಗೆಣ್ಣಿನ ಬಳಿಯ ಪುಟ್ಟ ಪೊರೆಯಂಥ ಎಲೆಗಳನ್ನೂ ತೆಗೆಯಿರಿ, ಕೊಳೆತ ಶುರುವಾಗುವುದು ಅಲ್ಲಿಂದಲೇ. ಕೆಲವು ಗಂಟೆ ನೆರಳಲ್ಲಿಟ್ಟು ಗಾಯ ಒಣಗಿಸಿ, ಮರಳು ಮತ್ತು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಬೆರೆಸಿ ನೆಡಿ. ಪ್ಲಾಸ್ಟಿಕ್ ಚೀಲ ಮುಚ್ಚುವ ರೂಢಿ ಇತರ ಗಿಡಗಳಿಗೆ ಸರಿ, ಇದಕ್ಕಲ್ಲ. ಒಳಗೆ ತೇವ ಕಟ್ಟಿ ಬೂಷ್ಟು ಬರುತ್ತದೆ. ಮೂರ್ನಾಲ್ಕು ವಾರದಲ್ಲಿ ಬೇರು ಬಿಡುತ್ತದೆ.

ನೀರಿನ ಬಗೆಗಿನ ಸಲಹೆಗೆ ತಿದ್ದುಪಡಿ ಪ್ರಕಟಿಸಬೇಕಾಗಿ ವಿನಂತಿ.

– ಹೂಗಿಡ ಬೆಳೆಗಾರರು